ಒಂದು ಪುಟಕ್ಕೆ ಎರಡು ಗಂಟೆ

1979ರ ಫೆಬ್ರುವರಿ ತಿಂಗಳು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಪಶ್ಚಿಮ ಭಾಗದಲ್ಲಿ ಒಂದು ಮನೆ. ಹೊರಗೆ ಮೂರು ಅಡಿ ಹಿಮ ಬಿದ್ದಿದೆ. ರಸ್ತೆಯ ಸುಳಿವೇ ಇಲ್ಲ. ಶಿಶುವಿಹಾರಕ್ಕೆ ರಜೆ. ಮನೆಯೊಳಗೆ ಇಬ್ಬರು ಗಂಡುಮಕ್ಕಳು. ಒಬ್ಬನಿಗೆ ಆರು, ಇನ್ನೊಬ್ಬನಿಗೆ ಮೂರು ವರ್ಷ. ಇಂಥ ಮಕ್ಕಳನ್ನು ಹಗಲಿಡೀ ಮನೆಯೊಳಗೆ ಹಿಡಿದಿಡುವುದು ಎಂಥ ಕೆಲಸವೆಂದು ಯಾವ ತಾಯಿಗೂ ಹೇಳಿಕೊಡಬೇಕಾಗಿಲ್ಲ. ಅದೇ ಬೋರ್ಡ್ ಆಟವನ್ನು ಎಷ್ಟು ಸಲ ಆಡಿಸಬಹುದು? ಸಾಲದ್ದಕ್ಕೆ ಮನೆಯಲ್ಲಿದ್ದ ಚಾಕೊಲೇಟ್ ಬೇರೆ ಮುಗಿಯುತ್ತ ಬಂದಿತ್ತು.

ಆ ತಾಯಿಗೆ ಆಗ 28 ವರ್ಷ. ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಚಿಕ್ಕಂದಿನಿಂದಲೂ ತಲೆಯೊಳಗೆ ಕತೆ ಕಟ್ಟುವ ಅಭ್ಯಾಸವಿತ್ತು. ಆದರೆ ಶಾಲೆಯ ಪ್ರಬಂಧಗಳನ್ನು ಬಿಟ್ಟರೆ ಏನನ್ನೂ ಬರೆದಿರಲಿಲ್ಲ. ಅಂದು ಬೇಸರ ತಾಳಲಾರದೆ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು ತೆಗೆದುಕೊಂಡು, ತಲೆಯಲ್ಲಿದ್ದ ಕತೆಗಳಲ್ಲಿ ಒಂದನ್ನು ಕಾಗದಕ್ಕೆ ಇಳಿಸತೊಡಗಿದರು.

ಹಿಮ ಕರಗಿತು, ಶಾಲೆ ಮತ್ತೆ ತೆರೆಯಿತು. ಆಕೆ ಮಾತ್ರ ಪೆನ್ಸಿಲು ಕೆಳಗಿಡಲಿಲ್ಲ.

ಆಕೆಯ ಹೆಸರು ಎಲೀನರ್ ಮೇರಿ ರಾಬರ್ಟ್‌ಸನ್. ಓದುಗರಿಗೆ ಗೊತ್ತಿರುವುದು ನೋರಾ ರಾಬರ್ಟ್ಸ್ ಎಂಬ ಹೆಸರು. ಇಂದಿಗೆ ಆಕೆಯ ಕಾದಂಬರಿಗಳ ಸಂಖ್ಯೆ 225ನ್ನು ದಾಟಿದೆ. ಅಚ್ಚಾದ ಪ್ರತಿಗಳು 50 ಕೋಟಿಗೂ ಹೆಚ್ಚು ಎಂದು ಪ್ರಕಾಶಕರು ಹೇಳುತ್ತಾರೆ. 2007ರಲ್ಲಿ ‘ಟೈಮ್’ ಪತ್ರಿಕೆ ಜಗತ್ತಿನ ನೂರು ಪ್ರಭಾವಿ ವ್ಯಕ್ತಿಗಳ ಪಟ್ಟಿಯಲ್ಲಿ ಆಕೆಯ ಹೆಸರನ್ನು ಸೇರಿಸಿತು.

ಇಷ್ಟು ಬರೆಯುವವರನ್ನು ಕಂಡಾಗ ಜನ ಸಾಮಾನ್ಯವಾಗಿ ಎರಡು ಮಾತು ಆಡುತ್ತಾರೆ. ‘ಅದು ಹುಟ್ಟಿನಿಂದ ಬಂದ ವರ’ ಎನ್ನುವುದು ಒಂದು. ‘ಅಷ್ಟೊಂದು ಬರೆಯುವುದಾದರೆ ಅದರಲ್ಲಿ ಹೆಚ್ಚಿನ ಶ್ರಮವೇನೂ ಇರಲಾರದು’ ಎನ್ನುವುದು ಇನ್ನೊಂದು. ಎರಡೂ ಎಷ್ಟು ತಪ್ಪು ಎಂಬುದಕ್ಕೆ ನೋರಾ ಅವರ ಬದುಕು ಒಳ್ಳೆಯ ಪುರಾವೆ. ಆ ಬದುಕಿನ ನಡುವೆ ಒಂದು ಕಳ್ಳತನದ ಪ್ರಸಂಗವೂ ಇದೆ. ವಿದ್ಯಾರ್ಥಿಗಳೂ ಪಾಲಕರೂ ಅದನ್ನು ತಿಳಿದಿರುವುದು ಒಳ್ಳೆಯದು.

ಕೆಟ್ಟ ಗುಮಾಸ್ತೆ!

ನೋರಾ ಹುಟ್ಟಿದ್ದು 1950ರ ಅಕ್ಟೋಬರ್ 10ರಂದು, ಮೇರಿಲ್ಯಾಂಡಿನ ಸಿಲ್ವರ್ ಸ್ಪ್ರಿಂಗ್ ಎಂಬ ಊರಿನಲ್ಲಿ. ಐರಿಷ್ ಮೂಲದ ಮನೆತನ. ಐವರು ಮಕ್ಕಳಲ್ಲಿ ಕೊನೆಯವರು, ಒಬ್ಬರೇ ಹೆಣ್ಣುಮಗಳು. ಮನೆಯಲ್ಲಿ ಎಲ್ಲರಿಗೂ ಓದುವ ಹುಚ್ಚು. ಕೈಗೆ ಪುಸ್ತಕ ಸಿಗದ ದಿನವೇ ಇರಲಿಲ್ಲ. ಓದಿದ್ದು ಕ್ಯಾಥೊಲಿಕ್ ಶಾಲೆಯಲ್ಲಿ. ಅಲ್ಲಿ ಪಾಠ ಹೇಳುತ್ತಿದ್ದ ಸನ್ಯಾಸಿನಿಯರು ಬಹಳ ಕಟ್ಟುನಿಟ್ಟು. ತನಗೆ ಶಿಸ್ತು ಬಂದದ್ದು ಅವರಿಂದಲೇ ಎಂದು ನೋರಾ ಇಂದಿಗೂ ನೆನೆಯುತ್ತಾರೆ. ಬಾಲ್ಯದಲ್ಲಿ ಬೇಸರ ತರಿಸಿದ ಶಿಸ್ತು ಮುಂದೆ ಅನ್ನ ಹಾಕುವುದು ಹೀಗೆ.

ಪ್ರೌಢಶಾಲೆಯ ಓದನ್ನು ಸರಕಾರಿ ಶಾಲೆಯೊಂದರಲ್ಲಿ ಮುಗಿಸಿದ ವರ್ಷವೇ, ಅಂದರೆ 1968ರಲ್ಲಿ, ಮದುವೆಯೂ ಆಯಿತು. ಕೆಲಕಾಲ ವಕೀಲರ ಕಚೇರಿಯಲ್ಲಿ ಕಾರ್ಯದರ್ಶಿಯ ಕೆಲಸ. ಟೈಪಿಂಗ್ ವೇಗ, ಆದರೆ ಕಾಗುಣಿತ ತಪ್ಪು. ತನ್ನಷ್ಟು ಕೆಟ್ಟ ಗುಮಾಸ್ತೆ ಇನ್ನೊಬ್ಬಳಿರಲಿಕ್ಕಿಲ್ಲ ಎಂದು ಆಕೆಯೇ ನಗುತ್ತ ಹೇಳಿಕೊಂಡದ್ದುಂಟು. ಮುಂದೆ ಕೋಟ್ಯಂತರ ಜನ ಓದುವ ಪುಸ್ತಕಗಳನ್ನು ಬರೆದಾಕೆಗೆ ಕಾಗುಣಿತ ಬರುತ್ತಿರಲಿಲ್ಲ ಎಂಬುದು, ಡಿಕ್ಟೇಶನ್‌ನಲ್ಲಿ ಸೊನ್ನೆ ಪಡೆದ ಮಗುವಿನ ತಾಯ್ತಂದೆಗೆ ತುಸು ಸಮಾಧಾನ ತರಬಹುದು. (ಮಗು ಇದನ್ನೇ ನೆಪ ಮಾಡಿಕೊಳ್ಳದಿದ್ದರೆ ಸರಿ!)

ಮಕ್ಕಳು ಹುಟ್ಟಿದ ಮೇಲೆ ಕೆಲಸ ಬಿಟ್ಟರು. ಮನೆಯಲ್ಲೇ ಬಟ್ಟೆ ಹೊಲಿಯುವುದು, ಮಣ್ಣಿನ ಸಾಮಾನು ಮಾಡುವುದು, ಹೀಗೆ ಕೈಗೆ ಸಿಕ್ಕ ಕಸುಬುಗಳನ್ನೆಲ್ಲ ಪ್ರಯತ್ನಿಸಿದರು. ಯಾವುದೂ ಮನಸ್ಸಿಗೆ ಹಿಡಿಸಲಿಲ್ಲ. ಅಷ್ಟರಲ್ಲಿ ಆ ಹಿಮಪಾತ ಬಂತು.

‘ನಮಗೆ ಒಬ್ಬರು ಇದ್ದಾರೆ’

ಆ ಕಾಲದಲ್ಲಿ ಇಂಗ್ಲಿಷ್ ಪ್ರೇಮ ಕಾದಂಬರಿ ಎಂದರೆ ಎರಡು ಹೆಸರು. ಒಂದು ಇಂಗ್ಲೆಂಡಿನ ಮಿಲ್ಸ್ ಅಂಡ್ ಬೂನ್. ಬೆಂಗಳೂರಿನ ಸರ್ಕ್ಯುಲೇಟಿಂಗ್ ಲೈಬ್ರರಿಗಳಿಂದ ಆ ತೆಳು ಪುಸ್ತಕಗಳನ್ನು ತಂದು ಓದಿದ ತಾಯಂದಿರು ಇಲ್ಲಿಯೂ ಬೇಕಾದಷ್ಟಿದ್ದಾರೆ. ಇನ್ನೊಂದು ಕೆನಡಾದ ಹಾರ್ಲೆಕ್ವಿನ್. 1971ರಲ್ಲಿ ಮಿಲ್ಸ್ ಅಂಡ್ ಬೂನನ್ನು ಹಾರ್ಲೆಕ್ವಿನ್ ಕೊಂಡುಕೊಂಡ ಮೇಲೆ ಎರಡೂ ಒಂದೇ ಸಂಸಾರವಾದವು. ಅವುಗಳಿಗೆ ಬರೆಯುತ್ತಿದ್ದವರಲ್ಲಿ ಬಹುಪಾಲು ಬ್ರಿಟಿಷ್ ಲೇಖಕಿಯರು. ನಾಯಕಿಯರೂ ಹೆಚ್ಚಾಗಿ ಅದೇ ನಾಡಿನವರು.

ನೋರಾ 1979 ಮತ್ತು 1980ರಲ್ಲಿ ಆರು ಹಸ್ತಪ್ರತಿಗಳನ್ನು ಸಿದ್ಧಮಾಡಿದರು. ಹಾರ್ಲೆಕ್ವಿನ್‌ಗೆ ಕಳಿಸಿದ್ದೆಲ್ಲ ಗೋಡೆಗೆ ಎಸೆದ ಚೆಂಡಿನಂತೆ ವಾಪಸು ಬಂತು. ಮೊದಮೊದಲು ಬಂದದ್ದು ಅಚ್ಚು ಹಾಕಿಸಿಟ್ಟ ನಿರಾಕರಣೆಯ ಚೀಟಿ. ಕೊನೆಗೊಮ್ಮೆ ಕೈಬರಹದ ಪುಟ್ಟ ಟಿಪ್ಪಣಿ ಬಂತು. ಕತೆ ಚೆನ್ನಾಗಿದೆ, ಬರವಣಿಗೆಯಲ್ಲಿ ಭರವಸೆ ಇದೆ. ಆದರೆ ಅಮೆರಿಕದ ಲೇಖಕಿ ನಮಗೆ ಈಗಾಗಲೇ ಒಬ್ಬರು ಇದ್ದಾರೆ ಎಂಬುದು ಅದರ ಸಾರ!

ಆ ‘ಒಬ್ಬರ’ ಹೆಸರು ಜಾನೆಟ್ ಡೈಲಿ. ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಮತ್ತೆ ಬರುತ್ತದೆ. ಡೈಲಿ ಹಾರ್ಲೆಕ್ವಿನ್‌ನ ಮೊದಲ ಅಮೆರಿಕನ್ ಲೇಖಕಿ. ಆಕೆಯದೂ ರೋಚಕ ಬದುಕೇ. ಪ್ರೇಮ ಕಾದಂಬರಿಗಳನ್ನು ಓದಿ ‘ಇಂಥದ್ದನ್ನು ನಾನೂ ಬರೆಯಬಲ್ಲೆ’ ಎಂದಾಗ ಗಂಡ ‘ಹಾಗಾದರೆ ಬರೆ’ ಎಂದನಂತೆ. ಬರೆದೇ ಬಿಟ್ಟರು. ಗಂಡ ಹೆಂಡತಿ ಟ್ರೇಲರ್ ಗಾಡಿಯಲ್ಲಿ ಅಮೆರಿಕವನ್ನೆಲ್ಲ ಸುತ್ತಿದರು. ಐವತ್ತು ರಾಜ್ಯಗಳಲ್ಲಿ ಒಂದೊಂದಕ್ಕೂ ಒಂದೊಂದು ಕಾದಂಬರಿ ಬರೆಯುವ ಹಟ ತೊಟ್ಟು ಅದನ್ನೂ ಪೂರೈಸಿದರು. ಮುಂಜಾನೆ ಎದ್ದು ದಿನಕ್ಕೆ 15 ಪುಟ ಮುಗಿಸುವುದು ಅವರ ಗುರಿ. ಅಂದರೆ ಡೈಲಿ ಸೋಮಾರಿಯಲ್ಲ. ಈ ಮಾತನ್ನೂ ನೆನಪಿಡಬೇಕು.

ಬಾಗಿಲು ಮುಚ್ಚಿದ ಕಡೆಯೇ ನಿಂತು ಬಡಿಯುತ್ತಿದ್ದ ನೋರಾ ಅವರಿಗೆ ಪಕ್ಕದಲ್ಲೇ ಇನ್ನೊಂದು ಬಾಗಿಲು ತೆರೆಯಿತು. ಹಾರ್ಲೆಕ್ವಿನ್ ಪುಸ್ತಕಗಳನ್ನು ಅಮೆರಿಕದಲ್ಲಿ ಹಂಚುತ್ತಿದ್ದ ಸೈಮನ್ ಅಂಡ್ ಶುಸ್ಟರ್ ಸಂಸ್ಥೆಗೆ ಆ ವ್ಯವಹಾರ ಕೈತಪ್ಪಿತು. ಅದು 1980ರಲ್ಲಿ ‘ಸಿಲೂಯೆಟ್’ ಎಂಬ ತನ್ನದೇ ಪ್ರೇಮ ಕಾದಂಬರಿ ಮಾಲೆಯನ್ನು ಆರಂಭಿಸಿತು. ಹಾರ್ಲೆಕ್ವಿನ್ ದೂರವಿಟ್ಟಿದ್ದ ಅಮೆರಿಕದ ಲೇಖಕಿಯರೇ ಅದರ ಬಂಡವಾಳ. 1981ರಲ್ಲಿ ನೋರಾ ಅವರ ಮೊದಲ ಕಾದಂಬರಿ ‘ಐರಿಷ್ ಥರೋಬ್ರೆಡ್’ ಇಲ್ಲಿಂದ ಹೊರಬಂತು. ಐರ್ಲೆಂಡಿನಿಂದ ಮೇರಿಲ್ಯಾಂಡಿನ ಕುದುರೆ ಸಾಕಣೆಯ ತೋಟಕ್ಕೆ ಬರುವ ಹುಡುಗಿಯೊಬ್ಬಳ ಕತೆ ಅದು. ಲೇಖಕರೆಲ್ಲರಿಗೂ ಕಾವ್ಯನಾಮ ಇರುತ್ತದೆಂದು ಭಾವಿಸಿ, ತಮ್ಮ ಹೆಸರನ್ನೇ ಮೊಟಕುಗೊಳಿಸಿ ‘ನೋರಾ ರಾಬರ್ಟ್ಸ್’ ಎಂದು ಇಟ್ಟುಕೊಂಡರು.

1982ರಿಂದ 1984ರವರೆಗಿನ ಮೂರು ವರ್ಷಗಳಲ್ಲಿ ಸಿಲೂಯೆಟ್‌ಗಾಗಿ ಬರೆದದ್ದು 23 ಕಾದಂಬರಿ. ಸಂಸಾರ ಒಡೆದದ್ದೂ ಇದೇ ಅವಧಿಯಲ್ಲಿ. 1985ರ ಆರಂಭದಲ್ಲಿ ವಿಚ್ಛೇದನ ಪೂರ್ತಿಯಾಯಿತು. ಮನೆಯಲ್ಲಿ ಪುಸ್ತಕಗಳು ರಾಶಿ ಬಿದ್ದಿದ್ದವು. ಕಪಾಟು ಮಾಡಿಕೊಡಲು ಬ್ರೂಸ್ ವೈಲ್ಡರ್ ಎಂಬ ಬಡಗಿಯನ್ನು ಕರೆಸಿದ್ದರು. ಕಪಾಟೂ ಆಯಿತು, 1985ರಲ್ಲೇ ಆತನೊಂದಿಗೆ ಮದುವೆಯೂ ಆಯಿತು. ಪ್ರೇಮ ಕಾದಂಬರಿಗಾರ್ತಿಯ ಬದುಕಿನಲ್ಲಿ ಇಷ್ಟಾದರೂ ಪ್ರೇಮ ಬೇಡವೇ?

ಎರಡು ಎಳೆಯ ಹಗ್ಗ

ಬರಿಯ ಪ್ರೇಮ ಕಾದಂಬರಿಯಲ್ಲಿ ಪ್ರಶ್ನೆ ಒಂದೇ: ಇವರಿಬ್ಬರೂ ಒಂದಾಗುತ್ತಾರೆಯೇ? ಬರಿಯ ಪತ್ತೇದಾರಿ ಕಾದಂಬರಿಯಲ್ಲೂ ಪ್ರಶ್ನೆ ಒಂದೇ: ಕೊಲೆಗಾರ ಯಾರು, ಸಿಕ್ಕಿಬೀಳುತ್ತಾನೆಯೇ? ಈ ಎರಡು ಎಳೆಗಳನ್ನು ಸೇರಿಸಿ ಹೊಸೆದ ಹಗ್ಗವೇ ‘ರೊಮ್ಯಾಂಟಿಕ್ ಸಸ್ಪೆನ್ಸ್’. ನಾಯಕಿಗೆ ಎದುರಾಗುವ ಅಪಾಯ ಹೆಚ್ಚಿದಂತೆ ಯಾರನ್ನು ನಂಬಬೇಕು ಎಂಬ ಪ್ರಶ್ನೆಯೂ ಬಿಗಿಯಾಗುತ್ತ ಹೋಗುತ್ತದೆ. ಒಂದು ಎಳೆಯನ್ನು ಕಿತ್ತರೆ ಇನ್ನೊಂದು ಸಡಿಲವಾಗಬೇಕು. ಹಾಗಿದ್ದರೆ ಮಾತ್ರ ಹಗ್ಗ ಗಟ್ಟಿ.

1980ರ ದಶಕದ ಕೊನೆಯಿಂದ ನೋರಾ ಈ ಬಗೆಯ ದೊಡ್ಡ ಕಾದಂಬರಿಗಳತ್ತ ಹೊರಳಿದರು. 1989ರ ‘ಸ್ವೀಟ್ ರಿವೆಂಜ್’ನಲ್ಲಿ ತಾಯಿಗಾದ ಅನ್ಯಾಯಕ್ಕೆ ಸೇಡು ತೀರಿಸಿಕೊಳ್ಳಲು ಒಡವೆಗಳ್ಳಿಯಾಗುವ ರಾಜಕುಮಾರಿ ಇದ್ದಾಳೆ. 1996ರ ‘ಮೊಂಟಾನಾ ಸ್ಕೈ’ಯಲ್ಲಿ ಒಬ್ಬನೇ ತಂದೆಗೆ ಬೇರೆ ಬೇರೆ ತಾಯಂದಿರಲ್ಲಿ ಹುಟ್ಟಿದ ಮೂವರು ಹೆಣ್ಣುಮಕ್ಕಳು ಬರುತ್ತಾರೆ. ಒಂದು ವರ್ಷ ಒಂದೇ ತೋಟದ ಮನೆಯಲ್ಲಿ ಇದ್ದರೆ ಮಾತ್ರ ಆಸ್ತಿ ಎಂದು ಅಪ್ಪನ ಉಯಿಲು. ಸುತ್ತಮುತ್ತ ಸುಳಿಯುವ ಕೊಲೆಗಾರ. ಇದು ನೋರಾ ಅವರ ನೂರನೆಯ ಕಾದಂಬರಿ.

ಇನ್ನೂರನೆಯದು 2012ರ ‘ದಿ ವಿಟ್ನೆಸ್’. ಪಾಲಕರು ಕುತೂಹಲದಿಂದ ಗಮನಿಸಬೇಕಾದ ಕತೆ ಇದು. ಎಲಿಜಬೆತ್ ಎಂಬ 16 ವರ್ಷದ ಜಾಣ ಹುಡುಗಿ. ತಾಯಿ ಹೆಸರಾಂತ ಶಸ್ತ್ರವೈದ್ಯೆ. ಮಗಳು ಏನು ಓದಬೇಕು, ಏನು ಉಣ್ಣಬೇಕು, ಏನು ಉಡಬೇಕು ಎಲ್ಲವೂ ತಾಯಿಯದೇ ತೀರ್ಮಾನ. ಮುಂದೆ ಅವಳು ಡಾಕ್ಟರಾಗುವುದೂ ಆಗಲೇ ನಿಶ್ಚಯವಾಗಿಬಿಟ್ಟಿದೆ. ಒಂದೇ ಒಂದು ರಾತ್ರಿ ಹುಡುಗಿ ಹಟ ಮಾಡಿ ಮನೆಯಿಂದ ಹೊರಬೀಳುತ್ತಾಳೆ. ಅಂದೇ ಕಣ್ಣೆದುರು ಕೊಲೆ ನಡೆಯುತ್ತದೆ. ಅಲ್ಲಿಂದ ಮುಂದೆ ಹೆಸರು, ಊರು ಎಲ್ಲ ಬದಲಿಸಿ ತಲೆಮರೆಸಿಕೊಂಡೇ ಬದುಕು. ಹನ್ನೆರಡು ವರ್ಷಗಳ ನಂತರ ಕಂಪ್ಯೂಟರ್ ಭದ್ರತೆಯ ಪರಿಣತೆಯಾಗಿ, ಮತ್ತೆ ಮನುಷ್ಯರನ್ನು ನಂಬುವುದನ್ನು ಆಕೆ ಮೊದಲಿನಿಂದ ಕಲಿಯಬೇಕಾಗುತ್ತದೆ. ಅಂಕಪಟ್ಟಿಯಲ್ಲಿ ಎಲ್ಲವೂ ಇದ್ದ ಹುಡುಗಿಗೆ ಅಪಾಯವನ್ನು ಗುರುತಿಸುವ ಒಂದು ಸಣ್ಣ ಅಭ್ಯಾಸವೇ ಇರಲಿಲ್ಲ! (ಈ ಕಾದಂಬರಿಗಳು ದೊಡ್ಡವರಿಗಾಗಿ ಬರೆದವು, ಮಕ್ಕಳ ಪುಸ್ತಕಗಳಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳಿತು.)

ಬರೆಯುವ ವೇಗಕ್ಕೆ ಪ್ರಕಾಶಕರೇ ಸುಸ್ತಾದರು. ಮಾರುಕಟ್ಟೆಗೆ ಒಂದೇ ದಿನ ಟೊಮೆಟೊ ರಾಶಿ ಬಂದರೆ ಬೆಲೆ ಬೀಳುವುದಿಲ್ಲವೇ? ಒಂದೇ ಹೆಸರಿನಲ್ಲಿ ವರ್ಷಕ್ಕೆ ಇಷ್ಟೊಂದು ಪುಸ್ತಕ ತಂದರೆ ಅವು ತಮ್ಮತಮ್ಮಲ್ಲೇ ಪೈಪೋಟಿ ನಡೆಸುತ್ತವೆ ಎಂಬ ಭಯ ಅವರದು. ಇನ್ನೊಂದು ಹೆಸರಿಟ್ಟುಕೊಳ್ಳಿ ಎಂದರು. ನೋರಾ ಮೊದಲು ಒಪ್ಪಲಿಲ್ಲ. ಪೆಪ್ಸಿ ಕಂಪನಿಯೂ ಸಾದಾ, ಡಯೆಟ್ ಎಂದು ಬೇರೆ ಬೇರೆ ಪಾನೀಯ ಮಾರುವುದಿಲ್ಲವೇ ಎಂದು ಆಕೆಯ ಏಜೆಂಟ್ ಕೇಳಿದಾಗ ಒಪ್ಪಿದರು. ಮಕ್ಕಳಾದ ಜೇಸನ್ ಮತ್ತು ಡ್ಯಾನ್ ಅವರ ಮೊದಲಕ್ಷರಗಳನ್ನು ತೆಗೆದುಕೊಂಡು ‘ಜೆ.ಡಿ. ರಾಬ್’ ಆದರು. ಹಿಮ ಬಿದ್ದ ದಿನ ತಾಯಿಯನ್ನು ಗೋಳುಹೊಯ್ದುಕೊಂಡ ಆ ಇಬ್ಬರೇ ಇವರು! 1995ರಿಂದ ಈ ಹೆಸರಿನಲ್ಲಿ ಬರುತ್ತಿರುವುದು 21ನೆಯ ಶತಮಾನದ ನಡುವಿನ ನ್ಯೂಯಾರ್ಕಿನಲ್ಲಿ ನಡೆಯುವ ಪತ್ತೇದಾರಿ ಮಾಲೆ. ಈವ್ ಡಲಾಸ್ ಎಂಬ ಪೊಲೀಸ್ ಅಧಿಕಾರಿಣಿ ಅದರ ನಾಯಕಿ. ಬರೆಯುತ್ತಿರುವುದು ನೋರಾ ಎಂದು ಅಧಿಕೃತವಾಗಿ ಹೊರಬಿದ್ದದ್ದು 2001ರಲ್ಲಿ. 2020ರಲ್ಲಿ ಆ ಮಾಲೆಯ 50ನೆಯ ಕಾದಂಬರಿ ಬಂತು.

ಒಂದು ಸಣ್ಣ ಲೆಕ್ಕ

ಈಗ ಒಂದು ಲೆಕ್ಕ. ಪ್ರೌಢಶಾಲೆಯ ಮಕ್ಕಳು ಕಾಗದ ತೆಗೆದುಕೊಂಡು ತಾವೇ ಮಾಡಿ ನೋಡಬಹುದು.

1979ರಿಂದ 2012ರವರೆಗೆ 33 ವರ್ಷ. ದಿನಗಳಲ್ಲಿ ಹೇಳುವುದಾದರೆ ಸುಮಾರು 12 ಸಾವಿರ. ಅಷ್ಟರಲ್ಲಿ ಬಂದ ಕಾದಂಬರಿಗಳು 200. ಕೆಲವು ತೆಳು, ಕೆಲವು ದಪ್ಪ. ಲೆಕ್ಕಕ್ಕೆ ಅನುಕೂಲವಾಗಲೆಂದು ಒಂದೊಂದಕ್ಕೆ 250 ಪುಟ ಎಂದು ಹಿಡಿದರೆ ಒಟ್ಟು 50 ಸಾವಿರ ಪುಟ. ಇದನ್ನು 12 ಸಾವಿರದಿಂದ ಭಾಗಿಸಿದರೆ ಬರುವುದೆಷ್ಟು? ದಿನಕ್ಕೆ ನಾಲ್ಕು ಪುಟ, ಮೇಲೆ ನಾಲ್ಕಾರು ಸಾಲು. ಅಷ್ಟೇ!

ಇನ್ನೂರು ಎಂಬ ಅಂಕಿ ಕೇಳಿ ಬೆರಗಾದವರಿಗೆ ನಾಲ್ಕು ಪುಟ ಎಂದರೆ ನಿರಾಸೆಯೇ ಆದೀತು. ಆದರೆ ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ನೋರಾ ದಿನಕ್ಕೆ ಎಂಟು ಗಂಟೆ ಮೇಜಿನ ಮುಂದೆ ಕೂರುತ್ತಾರೆ. ರಜೆಯ ಪ್ರವಾಸಕ್ಕೆ ಹೋದಾಗಲೂ ಈ ಕ್ರಮ ತಪ್ಪುವುದಿಲ್ಲ. ಎಂಟು ಗಂಟೆಯನ್ನು ನಾಲ್ಕು ಪುಟಕ್ಕೆ ಹಂಚಿದರೆ ಒಂದು ಪುಟಕ್ಕೆ ಎರಡು ಗಂಟೆ. ಓದುಗ ಎರಡು ನಿಮಿಷದಲ್ಲಿ ಮಗುಚುವ ಒಂದು ಪುಟದ ಹಿಂದೆ ಎರಡು ಗಂಟೆಯ ದುಡಿಮೆ ಇದೆ. ಮಕ್ಕಳು ಚಿಕ್ಕವರಿದ್ದ ಮೊದಲ ವರ್ಷಗಳಲ್ಲಿ ಎಂಟು ಗಂಟೆ ಸಿಕ್ಕಿರಲಾರದು ನಿಜ. ಇದು ಅಂದಾಜು ಮಾತ್ರ. ಆದರೂ ದಾರಿ ತೋರಿಸುವಷ್ಟು ಸರಿಯಾದ ಅಂದಾಜು.

ಆ ಎರಡು ಗಂಟೆಯಲ್ಲಿ ಆಗುವುದೇನು? ಆಕೆ ಮೊದಲೇ ಕತೆಯ ನಕ್ಷೆ ಹಾಕಿಕೊಳ್ಳುವುದಿಲ್ಲ. ಮೊದಲ ಕರಡಿನಲ್ಲಿ ಒಂದೇ ಓಟಕ್ಕೆ ಕತೆಯ ಅಸ್ಥಿಪಂಜರವನ್ನು ಬರೆದು ಮುಗಿಸುತ್ತಾರೆ. ಚಂದವಾಗಿದೆಯೋ ಇಲ್ಲವೋ ಎಂದು ಹಿಂತಿರುಗಿ ನೋಡುವುದಿಲ್ಲ. ಎರಡನೆಯ ಕರಡಿನಲ್ಲಿ ಅದಕ್ಕೆ ಮಾಂಸ, ಚರ್ಮ, ಬಣ್ಣ. ಮೂರನೆಯದರಲ್ಲಿ ತಿದ್ದುಪಡಿ. ಎಲ್ಲ ಮುಗಿದ ಮೇಲೆಯೇ ಪ್ರತಿ ಏಜೆಂಟರ ಕೈಗೆ ಹೋಗುವುದು. ವಿಮಾನ ಪ್ರಯಾಣವೆಂದರೆ ಆಕೆಗೆ ಹೆದರಿಕೆ. ಆದ್ದರಿಂದ ಬೇಕಾದ ಮಾಹಿತಿಯನ್ನು ಬಹುಮಟ್ಟಿಗೆ ಇಂಟರ್‌ನೆಟ್ಟಿನಿಂದಲೇ ಕಲೆಹಾಕುತ್ತಾರೆ. ಸ್ಫೂರ್ತಿ ಬರಲೆಂದು ಕಾಯುವುದು ಆಕೆಗೆ ಗೊತ್ತಿಲ್ಲ. ಕುರ್ಚಿಯಲ್ಲಿ ಕೂರಬೇಕು, ಏಳಬಾರದು. ಆಕೆ ಹೇಳುವ ಗುಟ್ಟು ಇಷ್ಟೇ.

‘ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ’ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಪರೀಕ್ಷೆಗೆ ಹದಿನೈದು ದಿನ ಇರುವಾಗ ರಾತ್ರಿ ಎರಡರವರೆಗೆ ದೀಪ ಉರಿಸುವ ವಿದ್ಯಾರ್ಥಿ ಈ ಲೆಕ್ಕವನ್ನು ಗೋಡೆಗೆ ಅಂಟಿಸಿಕೊಳ್ಳಬಹುದು. ಜೂನ್ ತಿಂಗಳಿಂದ ದಿನಕ್ಕೆ ನಾಲ್ಕು ಪುಟ ಓದಿದರೆ ಮಾರ್ಚ್ ಬರುವಷ್ಟರಲ್ಲಿ ಸಾವಿರ ಪುಟ ದಾಟಿರುತ್ತದೆ.

ಕಳವು ಸಿಕ್ಕಿಬಿದ್ದ ಬಗೆ

ಈಗ ಆ ಕಳ್ಳತನದ ಪ್ರಸಂಗ. ವರ್ಷ 1997.

ಓದುಗಿಯೊಬ್ಬಳು ನೋರಾ ಅವರ ‘ಸ್ವೀಟ್ ರಿವೆಂಜ್’ ಓದಿ ಮುಗಿಸಿ, ಅದರ ಬೆನ್ನಿಗೇ ಇನ್ನೊಬ್ಬ ಲೇಖಕಿಯ ‘ನಟೋರಿಯಸ್’ ಎಂಬ 1996ರ ಕಾದಂಬರಿಯನ್ನು ಕೈಗೆತ್ತಿಕೊಂಡಳು. ಓದುತ್ತ ಹೋದಂತೆ ‘ಅರೆ, ಇದನ್ನು ಈಗಷ್ಟೇ ಓದಿದ್ದೆನಲ್ಲ!’ ಎನ್ನಿಸಿತು. ಎರಡೂ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದಳು. ಭಾಗಕ್ಕೆ ಭಾಗವೇ ತಾಳೆಯಾಯಿತು. ಅವನ್ನು ಸಾಲಾಗಿ ಜೋಡಿಸಿ ಇಂಟರ್‌ನೆಟ್ಟಿನಲ್ಲಿ ಹಾಕಿದಳು. ಆಕೆ ಪ್ರಾಧ್ಯಾಪಕಿಯಲ್ಲ, ವಿಮರ್ಶಕಿಯಲ್ಲ. ಗಮನವಿಟ್ಟು ಓದುವ ಒಬ್ಬ ಸಾಮಾನ್ಯ ಓದುಗಿ.

‘ನಟೋರಿಯಸ್’ ಬರೆದವರು ಯಾರು? ಅದೇ ಜಾನೆಟ್ ಡೈಲಿ! ಯಾರು ಇದ್ದಾರೆಂದು ನೋರಾ ಅವರ ಹಸ್ತಪ್ರತಿ ವಾಪಸಾಗಿತ್ತೋ ಅವರು. ಹತ್ತಾರು ವರ್ಷ ಮೊದಲೇ ಹೆಸರು ಮಾಡಿದವರು, ನೋರಾ ಅವರಿಗೆ ಪರಿಚಿತರು, ಆ ವೇಳೆಗೆ ಪುಸ್ತಕಗಳ ಕೋಟ್ಯಂತರ ಪ್ರತಿಗಳು ಮಾರಾಟವಾಗಿದ್ದವರು.

1997ರ ಬೇಸಿಗೆಯಲ್ಲಿ ಡೈಲಿ ತಪ್ಪು ಒಪ್ಪಿಕೊಂಡರು. ಗಂಡನಿಗೆ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾಗಿತ್ತು. ಇಬ್ಬರು ಸಹೋದರರು ಅದೇ ರೋಗದಿಂದ ತೀರಿಕೊಂಡಿದ್ದರು. ಮನಸ್ಸಿನ ಸಮಸ್ಯೆಯಿಂದ ಹೀಗಾಯಿತು, ಚಿಕಿತ್ಸೆ ಪಡೆಯುತ್ತಿದ್ದೇನೆ ಎಂದರು. ‘ಆಸ್ಪೆನ್ ಗೋಲ್ಡ್’ ಮತ್ತು ‘ನಟೋರಿಯಸ್’ ಎಂಬ ಎರಡು ಕಾದಂಬರಿಗಳನ್ನು ಮಾರಾಟದಿಂದ ಹಿಂತೆಗೆದುಕೊಳ್ಳಲಾಯಿತು. ನೋರಾ ನ್ಯಾಯಾಲಯಕ್ಕೆ ಹೋದರು. ಇದನ್ನು ದೊಡ್ಡದು ಮಾಡಬಾರದಿತ್ತು ಎಂದು ಅವರಿಗೇ ಬುದ್ಧಿ ಹೇಳಿದವರೂ ಇದ್ದರು. ಆಕೆ ಪಟ್ಟು ಬಿಡಲಿಲ್ಲ. 1998ರ ಏಪ್ರಿಲ್‌ನಲ್ಲಿ ರಾಜಿಯಾಯಿತು. ಡೈಲಿ ಕೊಟ್ಟ ಹಣವನ್ನು ನೋರಾ ತಮಗಾಗಿ ಇಟ್ಟುಕೊಳ್ಳಲಿಲ್ಲ. ಸಾಕ್ಷರತೆಗಾಗಿ ದುಡಿಯುವ ಕೆಲಸಗಳಿಗೆ ಕೊಟ್ಟುಬಿಟ್ಟರು. ಕದ್ದ ಅಕ್ಷರಗಳ ಬೆಲೆ ಅಕ್ಷರ ಬಾರದವರಿಗೆ ಸಂದಿತು.

ಡೈಲಿಯವರನ್ನು ಬರಿ ಕಳ್ಳಿ ಎಂದು ತಳ್ಳಿಬಿಡುವುದು ಸುಲಭ. ಆದರೆ ಐವತ್ತು ರಾಜ್ಯಗಳಿಗೆ ಐವತ್ತು ಕಾದಂಬರಿ ಬರೆದಾಕೆಗೆ ಬರೆಯಲು ಬರುತ್ತಿರಲಿಲ್ಲವೇ? ಖಂಡಿತ ಬರುತ್ತಿತ್ತು. ನಕಲು ಮಾಡುವವರೆಲ್ಲ ದಡ್ಡರು ಎಂಬ ನಂಬಿಕೆ ಎಷ್ಟು ಪೊಳ್ಳು ಎಂಬುದನ್ನು ಈ ಪ್ರಸಂಗ ತೋರಿಸುತ್ತದೆ. ಗಡುವು ತಲೆಯ ಮೇಲಿದ್ದು, ಮನೆಯಲ್ಲಿ ಸಂಕಟ ತುಂಬಿದ್ದು, ಮೊದಲಿನ ಹೆಸರನ್ನು ಉಳಿಸಿಕೊಳ್ಳುವ ಭಾರವೂ ಬಿದ್ದಾಗ ಒಳ್ಳೆಯ ಕೈಯೂ ಪಕ್ಕದವರ ಹಾಳೆಯತ್ತ ಚಾಚುತ್ತದೆ. ತರಗತಿಯಲ್ಲಿ ಮೊದಲ ಸ್ಥಾನ ಬಿಟ್ಟುಕೊಡಬಾರದೆಂಬ ಒತ್ತಡದಲ್ಲಿರುವ ಮಗುವಿನ ಸ್ಥಿತಿಯೂ ಇದೇ. ಕಾರಣ ಅರ್ಥವಾಗುತ್ತದೆ. ಹಾಗೆಂದು ಕೆಲಸ ಸರಿಯಾಗುವುದಿಲ್ಲ. ಡೈಲಿ 2001ರಿಂದ ಮತ್ತೆ ಪುಸ್ತಕ ತಂದರು, 2013ರಲ್ಲಿ ತೀರಿಕೊಂಡರು. ತೊಂಬತ್ತಕ್ಕೂ ಹೆಚ್ಚು ಕಾದಂಬರಿ ಬರೆದಾಕೆಯ ಸಾವಿನ ಸುದ್ದಿಯ ಜೊತೆಗೆ ಪತ್ರಿಕೆಗಳು ಈ ಕೃತಿಚೌರ್ಯವನ್ನೂ ನೆನೆದವು.

ಕತೆ ಅಲ್ಲಿಗೇ ನಿಲ್ಲಲಿಲ್ಲ. 2019ರಲ್ಲಿ ಬ್ರೆಜಿಲ್ ದೇಶದ ಲೇಖಕಿಯೊಬ್ಬಳ ಪುಸ್ತಕಗಳಲ್ಲಿ ಹತ್ತಾರು ಲೇಖಕಿಯರಿಂದ ಎತ್ತಿದ ಭಾಗಗಳು ಕಂಡುಬಂದವು. ಅದರಲ್ಲಿ ನೋರಾ ಅವರ ಬರಹವೂ ಇತ್ತು. ದುಡ್ಡು ಕೊಟ್ಟು ಬೇರೆಯವರಿಂದ ಬರೆಸಿದೆ, ಅವರು ಹಾಗೆ ಮಾಡಿದರು ಎಂಬುದು ಆ ಲೇಖಕಿ ಕೊಟ್ಟ ಉತ್ತರ. 68 ವರ್ಷದ ನೋರಾ ಬ್ರೆಜಿಲ್‌ನ ನ್ಯಾಯಾಲಯದಲ್ಲೇ ದಾವೆ ಹೂಡಿದರು. ಹಣ ಬಂದರೆ ಆ ದೇಶದ ಸಾಕ್ಷರತೆಯ ಕೆಲಸಕ್ಕೇ ಕೊಡುವುದಾಗಿ ಹೇಳಿದರು.

ಯಾವುದು ಕಳವು, ಯಾವುದಲ್ಲ?

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಸಂದೇಹ ಬರಬಹುದು. ಸೇಡು, ಒಡವೆಗಳ್ಳಿ, ಪ್ರೇಮ, ಕೊಲೆ ಇವೆಲ್ಲ ಯಾರದಾದರೂ ಸ್ವಂತ ಆಸ್ತಿಯೇ? ಅಲ್ಲ. ಕಾನೂನು ಕಾಪಾಡುವುದು ಕಲ್ಪನೆಯನ್ನಲ್ಲ, ಅದನ್ನು ಹೇಳಿದ ಮಾತಿನ ರೂಪವನ್ನು. ಒಡವೆಗಳ್ಳಿಯ ಬಗ್ಗೆ ಯಾರು ಬೇಕಾದರೂ ಕಾದಂಬರಿ ಬರೆಯಬಹುದು. ಇನ್ನೊಬ್ಬರು ಬರೆದ ವಾಕ್ಯಗಳನ್ನು ಎತ್ತಿ ತನ್ನದೆಂದು ಹಾಕುವಂತಿಲ್ಲ. ಭಾರತದಲ್ಲಿಯೂ 1957ರ ಕೃತಿಸ್ವಾಮ್ಯ ಕಾಯ್ದೆ ಇದೆ. ಲೇಖಕರು ತೀರಿಕೊಂಡ 60 ವರ್ಷಗಳವರೆಗೂ ಅದರ ರಕ್ಷಣೆ ಇರುತ್ತದೆ.

ಪ್ರಯೋಗಶಾಲೆಯ ಉದಾಹರಣೆ ತೆಗೆದುಕೊಂಡರೆ ಇದು ಇನ್ನೂ ಸುಲಭ. ಓಮ್‌ನ ನಿಯಮ ಯಾರಪ್ಪನ ಸೊತ್ತೂ ಅಲ್ಲ; ಎಲ್ಲರೂ ಬಳಸಬಹುದು. ಆದರೆ ರೆಕಾರ್ಡ್ ಪುಸ್ತಕದಲ್ಲಿ ಬರೆಯುವ ರೀಡಿಂಗುಗಳು ತಾನೇ ಮೀಟರ್ ನೋಡಿ ತೆಗೆದುಕೊಂಡವಾಗಿರಬೇಕು. ಪಕ್ಕದವನ ರೀಡಿಂಗ್ ಬರೆದುಕೊಂಡರೆ ಗ್ರಾಫಿನ ಗೆರೆ ನೇರವಾಗಿಯೇ ಬರುತ್ತದೆ, ಅಂಕವೂ ಬೀಳುತ್ತದೆ. ಆದರೆ ಪಕ್ಕದವನ ತಂತಿ ಬಿಸಿಯಾಗಿ ಮುಳ್ಳು ತುಸು ಅಲುಗಾಡಿತಲ್ಲ, ಏಕೆ ಹಾಗಾಯಿತು ಎಂದು ಯೋಚಿಸುವ ಅವಕಾಶ ನಕಲು ಮಾಡಿದವನಿಗೆ ಸಿಗುವುದೇ ಇಲ್ಲ. ಕಲಿಕೆ ಇರುವುದು ಆ ಅಲುಗಾಟದಲ್ಲಿ.

ಎರಡು ಗಂಟೆಯ ಲೆಕ್ಕಕ್ಕೆ ಮತ್ತೆ ಬರೋಣ. ಒಂದು ಪುಟವನ್ನು ನೋಡಿ ಬರೆಯಲು ಹತ್ತು ನಿಮಿಷ ಸಾಕು. ಈಗಿನ ಮೊಬೈಲಿನಲ್ಲಾದರೆ ಹತ್ತು ಸೆಕೆಂಡು. ಉಳಿದ ಸಮಯ ಎಲ್ಲಿಂದ ಬಂತು? ಬೇರೆ ಯಾರೋ ಒಬ್ಬರ ಬದುಕಿನಿಂದ. ಪುಟ ಕದ್ದವರು ಕದಿಯುವುದು ಕಾಗದವನ್ನಲ್ಲ, ಆ ಎರಡು ಗಂಟೆಯನ್ನು. ತಮ್ಮ ಕೈಗೆ ಬರಬೇಕಾಗಿದ್ದ ಕಸುಬನ್ನೂ ಅದರ ಜೊತೆಗೇ ಕಳೆದುಕೊಳ್ಳುತ್ತಾರೆ.

ಇದರಲ್ಲಿ ಪಾಲಕರ ಪಾಲೂ ಇದೆ. ಮಗುವಿನ ಪ್ರಾಜೆಕ್ಟನ್ನು ರಾತ್ರಿ ಕೂತು ತಾವೇ ಮಾಡಿಕೊಡುವ ತಂದೆ, ಅಂಗಡಿಯಿಂದ ಸಿದ್ಧ ಮಾದರಿ ತಂದುಕೊಡುವ ತಾಯಿ ಮಗುವಿನ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಆದರೆ ಅಂಕುಡೊಂಕಾಗಿ ತಾನೇ ಅಂಟಿಸಿದ ಚಾರ್ಟು, ನಾಲ್ಕು ಕಾಗುಣಿತ ತಪ್ಪಿರುವ ಸ್ವಂತ ಪ್ರಬಂಧ ಮಗುವಿನ ಮೊದಲ ಕರಡು. ನೋರಾ ಅವರ ಮೊದಲ ಕರಡೂ ಒರಟೇ; ಎರಡನೆಯದು, ಮೂರನೆಯದು ಇರುವುದು ಅದಕ್ಕಾಗಿಯೇ. ಮೊದಲ ಕರಡನ್ನೇ ಬರೆಯಗೊಡದಿದ್ದರೆ ಮೂರನೆಯದು ಬರುವುದೆಲ್ಲಿಂದ?

ಮೇರಿಲ್ಯಾಂಡಿನ ಬೂನ್ಸ್‌ಬರೋ ಎಂಬ ಪುಟ್ಟ ಪಟ್ಟಣದಲ್ಲಿ ನೋರಾ ಅವರ ಕುಟುಂಬದ ಪುಸ್ತಕದಂಗಡಿ ಇದೆ. ಆಕೆಯ ಗಂಡ 1995ರಲ್ಲಿ ಅದನ್ನು ತೆರೆದರು. ಅದೇ ಪಟ್ಟಣದಲ್ಲಿ ಹಳೆಯ ಕಟ್ಟಡವೊಂದನ್ನು ಕೊಂಡು ಅತಿಥಿಗೃಹವಾಗಿ ದುರಸ್ತಿ ಮಾಡಿಸುತ್ತಿದ್ದರು. ಸುಖವಾಗಿ ಮುಗಿಯುವ ಕತೆಗಳ ಪ್ರೇಮಿಗಳ ಹೆಸರನ್ನು ಒಂದೊಂದು ಕೋಣೆಗೂ ಇಡುವುದೆಂದು ಆಲೋಚನೆ. 2008ರ ಫೆಬ್ರುವರಿಯಲ್ಲಿ ಕೆಲಸ ನಡೆಯುತ್ತಿದ್ದಾಗಲೇ ಬೆಂಕಿ ಬಿದ್ದು ಕಟ್ಟಡ ಸುಟ್ಟುಹೋಯಿತು. ಗಂಡ ಹೆಂಡತಿ ಮತ್ತೆ ಮೊದಲಿನಿಂದ ಕಟ್ಟಿಸಿದರು. 2009ರ ಫೆಬ್ರುವರಿಯಲ್ಲಿ ಬಾಗಿಲು ತೆರೆಯಿತು. ಈ ನಡುವೆ ಪುಸ್ತಕಗಳು ಬರುವುದೂ ನಿಲ್ಲಲಿಲ್ಲ.

ಆ ಫೆಬ್ರುವರಿಗೆ, ಆಕೆ ಮೊದಲ ಸಲ ಪೆನ್ಸಿಲು ಹಿಡಿದು ಸರಿಯಾಗಿ ಮೂವತ್ತು ವರ್ಷ ಆಗಿತ್ತು.